ಜಪಕ್ಕೆ ಎದುರು ದನಿ

ಪಿಸ್ಕಾಟವೇಯ ಆಫೀಸಿನಲ್ಲಿ ಅವನು ಇಗ್ನೇಷಿಯಸ್. ಮನೆಯಲ್ಲಿ, ಕನ್ನಡದವರ ನಡುವೆ, ಇನ್ನಾಸಪ್ಪ. ಬೇಗೂರಿನಲ್ಲಿ ಹುಟ್ಟಿ, ಟೆಲಿಕಾಂ ಎಂಜಿನಿಯರಾಗಿ ನ್ಯೂಜೆರ್ಸಿಗೆ ಬಂದು, ಇಲ್ಲೇ ಕೂದಲು ಬೆಳ್ಳಗಾದವನು. ಐವತ್ತು ದಾಟಿದ ಮೇಲೆ ವರ್ಷಗಟ್ಟಲೆ ಸಂಜೆ ತರಗತಿಗಳಿಗೆ ಹೋಗಿ ಡೀಕನ್ ದೀಕ್ಷೆ ಪಡೆದಿದ್ದ. ಕಥೋಲಿಕ ಚರ್ಚಿನಲ್ಲಿ ಡೀಕನ್ ಎಂದರೆ ಸ್ವಾಮಿಗಳಲ್ಲ, ಅಂದರೆ ಪಾದ್ರಿಯಲ್ಲ; ಹೆಂಡತಿ, ಮಕ್ಕಳು, ನೌಕರಿ ಎಲ್ಲ ಇದ್ದವನೂ ಆಗಬಹುದು. ರೊಟ್ಟಿ, ದ್ರಾಕ್ಷಾರಸದ ಬಲಿಪೂಜೆ ಅರ್ಪಿಸುವ ಅಧಿಕಾರ ಅವನಿಗಿಲ್ಲ. ಮಗುವಿಗೆ ದೀಕ್ಷಾಸ್ನಾನ ಕೊಡಬಹುದು, ಸತ್ತವರ ಮುಂದೆ ನಿಂತು ಪ್ರಾರ್ಥನೆ ನಡೆಸಬಹುದು. ಅದರ ಜೊತೆಗೆ ದಿನವೂ ಬೆಳಿಗ್ಗೆ, ಸಂಜೆ ಬೈಬಲಿನ ಕೀರ್ತನೆಗಳ ಪ್ರಾರ್ಥನೆಯನ್ನು ತಪ್ಪಿಸುವುದಿಲ್ಲ ಎಂದು ಬಿಷಪ್ಪರ ಮುಂದೆ ಮಾತು ಕೊಟ್ಟಿರುತ್ತಾನೆ.

ಆ ಪ್ರಾರ್ಥನೆಗೆಂದೇ ಚರ್ಚಿನವರು ಅವನಿಗೆ ನಾಲ್ಕು ದಪ್ಪ ಪುಸ್ತಕ ಕೊಟ್ಟಿದ್ದರು. ಒಂದೊಂದಕ್ಕೂ ಐದಾರು ಬಣ್ಣದ ರಿಬ್ಬನ್ನು. ಯಾವ ದಿನಕ್ಕೆ ಯಾವ ಪುಟ, ಯಾವ ಹಬ್ಬಕ್ಕೆ ಎಲ್ಲಿಗೆ ಹಾರಬೇಕು ಎಂದು ತಿಳಿಯುವಷ್ಟರಲ್ಲಿ ಅವನಿಗೆ ಆಫೀಸಿಗೆ ಹೊತ್ತಾಗುತ್ತಿತ್ತು. ಫೋನಿನಲ್ಲಾದರೆ ಆ ದಿನದ ಪ್ರಾರ್ಥನೆ ತಾನಾಗಿಯೇ ತೆರೆದುಕೊಂಡಿರುತ್ತದೆ. ಹೀಗಾಗಿ ನಾಲ್ಕೂ ಪುಸ್ತಕ ಕಪಾಟು ಸೇರಿದವು. ಅವನ ಕೀರ್ತನೆ ಟ್ರಾಫಿಕ್ಕಿನಲ್ಲಿ, ಡೆಂಟಿಸ್ಟರ ಬಾಗಿಲಲ್ಲಿ, ಮೀಟಿಂಗಿನ ಮುಂಚಿನ ಬಿಡುವಿನಲ್ಲಿ ನಡೆಯತೊಡಗಿತು. ಫೋನು ಇಲ್ಲದಿದ್ದರೆ ಆ ಮಾತನ್ನು ತಾನು ಉಳಿಸಿಕೊಳ್ಳುತ್ತಲೇ ಇರಲಿಲ್ಲ ಎಂದು ಅವನು ಹೇಳುತ್ತಿದ್ದ, ಅದು ನಿಜವೂ ಆಗಿತ್ತು.

ಅದೇ ಫೋನಿಗೆ ಆಫೀಸಿನ ಕರೆಯೂ ಬರುತ್ತಿತ್ತು. ನೆಟ್‌ವರ್ಕಿನಲ್ಲಿ ಎಲ್ಲಾದರೂ ಏನಾದರೂ ಕೆಟ್ಟರೆ ಅದು ಒಂದು ಬಗೆಯಾಗಿ ನಡುಗುತ್ತಿತ್ತು. ಆನ್-ಕಾಲ್ ವಾರ ಅವನದಾಗಿದ್ದರೆ ಊಟದ ತಟ್ಟೆ ಬಿಟ್ಟಾದರೂ ನೋಡಬೇಕು.

ಚಿನ್ನಪ್ಪನವರು ತೀರಿಕೊಂಡದ್ದು ಅಂಥದೊಂದು ವಾರದಲ್ಲಿ.

ಫ್ಲೋರಲ್ ಪಾರ್ಕಿನ ಚಿನ್ನಪ್ಪ, ಲೂರ್ದಮ್ಮ ದಂಪತಿಯೆಂದರೆ ಈ ಕಡೆಯ ಕನ್ನಡ ಕಥೋಲಿಕರಿಗೆ ಮನೆಯ ಹಿರಿಯರು. ಚಿನ್ನಪ್ಪನವರು ಸಬ್‌ವೇ ರೈಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾಗಿದ್ದರು, ಲೂರ್ದಮ್ಮ ನರ್ಸಿಂಗ್ ಹೋಮಿನಲ್ಲಿ. ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿದ ಕೆಲವೇ ಕುಟುಂಬಗಳು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಕನ್ನಡದಲ್ಲಿ ಜಪಸರ ಹೇಳುತ್ತಿದ್ದವು. ಶುರು ಮಾಡುವವರು ಯಾವಾಗಲೂ ಚಿನ್ನಪ್ಪನವರೇ. ಒರಟು ದನಿ, ಆದರೆ ಅವಸರವಿಲ್ಲ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಹಿತ್ತಲಿನ ಹಿಮ ಎತ್ತಿ ಒಳಗೆ ಬಂದು ಕೂತವರು ಮತ್ತೆ ಏಳಲಿಲ್ಲ.

ಹಿಲ್‌ಸೈಡ್ ಅವೆನ್ಯೂ ಹತ್ತಿರದ ಫ್ಯೂನರಲ್ ಹೋಮಿನಲ್ಲಿ ಸಂಜೆ ದೇಹವನ್ನು ದರ್ಶನಕ್ಕೆ ಇಟ್ಟಿದ್ದರು. ಪ್ರಾರ್ಥನೆ ಕನ್ನಡದಲ್ಲೇ ಆಗಬೇಕೆಂದು ಲೂರ್ದಮ್ಮ ಹೇಳಿ ಕಳಿಸಿದ್ದರಿಂದ ಅದು ಇನ್ನಾಸಪ್ಪನ ಪಾಲಿಗೆ ಬಂತು. ಮೃತರ ಪ್ರಾರ್ಥನೆಯ ಕನ್ನಡ ಪುಸ್ತಕ ಇಲ್ಲಿ ಯಾರ ಬಳಿಯೂ ಇರಲಿಲ್ಲ. ಬೆಂಗಳೂರಿನಲ್ಲಿದ್ದ ಪರಿಚಯದ ಸ್ವಾಮಿಗಳೊಬ್ಬರು ಫೋನಿಗೆ ಕಳಿಸಿಕೊಟ್ಟರು. ಬಿಳಿ ಅಂಗಿಯ ಮೇಲೆ ಡೀಕನ್ನರ ಅಡ್ಡಪಟ್ಟಿ ಹಾಕಿಕೊಂಡು, ಶವಪೆಟ್ಟಿಗೆಯ ತಲೆಯ ಕಡೆ ನಿಂತು, ಅಂಗೈಯಲ್ಲಿ ಫೋನು ಹಿಡಿದು ಅವನು ಓದತೊಡಗಿದ. ಓದು ಚೆನ್ನಾಗಿಯೇ ಸಾಗಿತ್ತು. ಮೊದಲ ಕೀರ್ತನೆಯ ನಡುವೆ ಫೋನು ನಡುಗಿತು. ಅಕ್ಷರಗಳ ಮೇಲೆ ಆಫೀಸಿನ ಮೆಸೇಜಿನ ಪಟ್ಟಿಯೊಂದು ಇಳಿಯಿತು. ಅವನು ಹೆಬ್ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿ ಓದು ಮುಂದುವರಿಸಿದ. ಮತ್ತೆ ಇಳಿಯಿತು. ಮತ್ತೆ ತಳ್ಳಿದ. ತಲೆ ಎತ್ತಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಲೂರ್ದಮ್ಮ ಅವನ ಹೆಬ್ಬೆರಳನ್ನೇ ನೋಡುತ್ತಿದ್ದರು.

ಎಲ್ಲ ಮುಗಿದು ಜನ ಕೋಟು ಹಾಕಿಕೊಳ್ಳುವಾಗ ಅವನು ಅವರ ಬಳಿ ಹೋಗಿ ಕೈ ಹಿಡಿದುಕೊಂಡ.

"ಲೂರ್ದಕ್ಕ, ಧೈರ್ಯ ತಗೊಳ್ಳಿ."

ಅವರು ಕೈ ಬಿಡಿಸಿಕೊಂಡರು. ದನಿ ಏರಿಸಲಿಲ್ಲ.

"ನಮ್ಮೆಜಮಾನ್ರ ಹೆಣದ ಮುಂದೆ ಫೋನ್ ನೋಡ್ಕೊಂಡು ನಿಂತಿದ್ರಿ ಇನ್ನಾಸಪ್ಪನೋರೆ. ಅರ್ಧ ಗಂಟೆ. ಅಷ್ಟೂ ಪುರುಸೊತ್ತಿರಲಿಲ್ವಾ ನಿಮಗೆ?"

"ಪ್ರಾರ್ಥನೆ ಅದರಲ್ಲೇ ಇತ್ತು ಅಕ್ಕ. ಪುಸ್ತಕ ಸಿಗಲಿಲ್ಲ."

"ಇರಬಹುದು" ಎಂದರು. ಮಗಳು ಅವನಿ ಬಂದು ತಾಯಿಯ ಭುಜ ಬಳಸಿ, "ಮಾಮ್ ಈಸ್ ಜಸ್ಟ್ ಟೈರ್ಡ್, ಅಂಕಲ್. ಪ್ಲೀಸ್ ಡೋಂಟ್ ಮೈಂಡ್" ಎಂದು ಕರೆದುಕೊಂಡು ಹೋದಳು.

ಬೆಲ್ಟ್ ಪಾರ್ಕ್‌ವೇ ಹಿಡಿದು ಮನೆಯ ಕಡೆ ಹೊರಟಾಗ ಇನ್ನಾಸಪ್ಪನಿಗೆ ಸಿಟ್ಟು ಬಂದಿತ್ತು. ಪಕ್ಕದಲ್ಲಿ ಹೆಂಡತಿ ಸಗಾಯಮೇರಿ ಕೂತಿದ್ದಳು. ಅವನೊಬ್ಬನೇ ಮಾತಾಡಿದ. ಕನ್ನಡ ಪ್ರಾರ್ಥನೆ ಹೊಂದಿಸಲು ತಾನು ಪಟ್ಟ ಪಾಡು ಅವರಿಗೆ ಗೊತ್ತಿಲ್ಲ; ಈಗ ಎಷ್ಟೋ ಜನ ಸ್ವಾಮಿಗಳೇ ಫೋನು ನೋಡಿ ಪ್ರಾರ್ಥಿಸುತ್ತಾರೆ; ಅಕ್ಷರ ಕಾಗದದ ಮೇಲಿದ್ದರೆ ಪವಿತ್ರ, ಗಾಜಿನ ಮೇಲಿದ್ದರೆ ಅಲ್ಲ ಅನ್ನುವುದಕ್ಕೆ ಏನಾದರೂ ಅರ್ಥವಿದೆಯೇ ಎಂದೆಲ್ಲ. ವೆರಾಜಾನೊ ಸೇತುವೆ ಏರುವಷ್ಟರಲ್ಲಿ ಅವನ ವಾದ ಮುಗಿದಿತ್ತು.

"ರೀ, ಒಂದು ಕೇಳ್ತೀನಿ" ಎಂದಳು ಸಗಾಯಮೇರಿ. "ನಡುವೆ ಬಂತಲ್ಲ ಮೆಸೇಜು, ಅದರಲ್ಲಿ ಏನಿತ್ತು?"

"ಮನ್ಮತ್ ಕೌಂಟಿ ಕಡೆ ಒಂದು ರೂಟರ್ ಹೋಗಿತ್ತು. ಬ್ಯಾಕಪ್ ತಗೊಂಡಿದೆ, ಆದ್ರೆ ಲೋಡ್ ಜಾಸ್ತಿ ಇದೆ ಅಂತ. ಎರಡನೇದು ನಮ್ಮ ಮ್ಯಾನೇಜರ್ ಸುಮೀತ್ ಕಳಿಸಿದ್ದು, ನೋಡ್ತಿದ್ದೀಯಾ ಅಂತ."

"ಆಗ ಯಾವ ಕೀರ್ತನೆ ಓದ್ತಿದ್ರಿ?"

ಅವನು ಬಾಯಿ ತೆರೆದ. ನೆನಪಾಗಲಿಲ್ಲ. ಮೊದಲ ಸಾಲು ನೆನಪಿಸಿಕೊಳ್ಳಲು ನೋಡಿದ, ಅದೂ ಬರಲಿಲ್ಲ. ತುಟಿ ಓದುತ್ತಿದ್ದಾಗ ತಾನು ಮನ್ಮತ್ ಕೌಂಟಿಯಲ್ಲಿದ್ದೆ, ಯಾರನ್ನು ಎಬ್ಬಿಸಬೇಕು, ಯಾವ ಲಿಂಕಿಗೆ ತಿರುಗಿಸಬೇಕು ಎಂದು ಲೆಕ್ಕ ಹಾಕುತ್ತಿದ್ದೆ ಎಂಬುದು ಮಾತ್ರ ಸ್ಪಷ್ಟವಾಗಿ ನೆನಪಿತ್ತು. ಲೂರ್ದಮ್ಮನಿಗೆ ಕಂಡದ್ದು ಒಂದು ಹೆಬ್ಬೆರಳು. ಆದರೆ ಅವರು ಹೇಳಿದ್ದು ನಿಜವೇ ಆಗಿತ್ತು.

ಮರುದಿನ ಅವನು ಕಪಾಟಿನಿಂದ, ನಾಲ್ಕರಲ್ಲಿ ವರ್ಷದ ಆ ಋತುವಿಗೆ ಸೇರಿದ ಪುಸ್ತಕ ತೆಗೆದ. ಮೊದಲ ವಾರ ಕಷ್ಟವೇ ಆಯಿತು. ರಿಬ್ಬನ್ನು ತಪ್ಪಿದ ಕಡೆ ಬಿದ್ದು, ಮಂಗಳವಾರದಂದು ಶುಕ್ರವಾರದ ಪಶ್ಚಾತ್ತಾಪದ ಕೀರ್ತನೆ ಓದಿ ಮುಗಿಸಿದ. ಅಡುಗೆಮನೆಯ ಬೆಳಕು ಸಾಲದೆ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡ. ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟರೂ ಕೈ ಆಗಾಗ ಜೇಬು ತಡವುತ್ತಿತ್ತು. ಪುಸ್ತಕ ಹಿಡಿದ ಮಾತ್ರಕ್ಕೆ ಮನಸ್ಸು ನಿಲ್ಲುವುದಿಲ್ಲ ಎಂಬುದೂ ಅವನಿಗೆ ಬೇಗ ತಿಳಿಯಿತು. ವ್ಯತ್ಯಾಸ ಇಷ್ಟೇ: ಫೋನಿನಲ್ಲಿ ಮನಸ್ಸು ಎಲ್ಲಿಗೋ ಹೋದದ್ದೇ ಗೊತ್ತಾಗುತ್ತಿರಲಿಲ್ಲ, ಇಲ್ಲಿ ಹೋದದ್ದು ಗೊತ್ತಾಗುತ್ತಿತ್ತು, ಮತ್ತೆ ಮೇಲಿನ ಸಾಲಿನಿಂದ ಶುರು ಮಾಡುತ್ತಿದ್ದ.

ಚಿನ್ನಪ್ಪನವರು ತೀರಿ ತಿಂಗಳು ತುಂಬಿದ ದಿನದ ಪ್ರಾರ್ಥನೆಗೆ ಮತ್ತೆ ಅವನನ್ನೇ ಕರೆದರು. ಕರೆದದ್ದು ಅವನಿ. ತಾಯಿ ಒಪ್ಪಿದ್ದಾರೋ ಇಲ್ಲವೋ ಅವನು ಕೇಳಲಿಲ್ಲ. ಈ ಸಲ ಕೈಯಲ್ಲಿ ಕಾಗದ ಇರಲೇಬೇಕೆಂದು ಸ್ವಾಮಿಗಳು ಕಳಿಸಿದ್ದನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಅಕ್ಷರ ದೊಡ್ಡದು ಮಾಡಿ, ಎಡಿಸನ್ನಿನ ಓಕ್ ಟ್ರೀ ರೋಡಿನಲ್ಲಿ ಮದುವೆ ಕಾರ್ಡು ಮಾಡುವ ಅಂಗಡಿಗೆ ಒಯ್ದ. ಅಂಗಡಿಯ ಮುಕುಂದ್ ಮುದ್ರಿಸಿ ಕೊಟ್ಟ ಪುಟ ನೋಡಿದರೆ ಒತ್ತಕ್ಷರಗಳೆಲ್ಲ ತಮ್ಮ ಅಕ್ಷರ ಬಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದವು. ದೇವಮಾತೆಯ ಹೆಸರು ಮೂರು ತುಂಡಾಗಿತ್ತು. ಮುಕುಂದ್ ಗುಜರಾತಿನವನು, ಅವನಿಗೆ ಎಲ್ಲ ಸರಿಯಾಗಿಯೇ ಕಂಡಿತ್ತು.

"ಬ್ಯೂಟಿಫುಲ್ ಲಿಪಿ" ಎಂದ ಅವನು.

ಇನ್ನಾಸಪ್ಪ ಮನೆಗೆ ತಂದು, ಸಗಾಯಮೇರಿಯ ಜೊತೆ ಕೂತು ಪುಟಪುಟವನ್ನೂ ಜೋರಾಗಿ ಓದಿ ತಿದ್ದಿದ. ಎಲ್ಲಿ ಅಕ್ಷರ ಒಡೆದಿದೆ ಎಂದು ಹುಡುಕಲು ಪ್ರತಿ ಮಾತಿನ ಮೇಲೂ ನಿಲ್ಲಬೇಕಾಯಿತು. ಮಣ್ಣಿಗೆ ಮರಳುವ ದೇಹದ ಬಗ್ಗೆ, ಕಾದಿರುವ ಬೆಳಕಿನ ಬಗ್ಗೆ ಇದ್ದ ಆ ಮಾತುಗಳನ್ನು ಅವನು ಚಿನ್ನಪ್ಪನವರ ಮುಂದೆ ಒಮ್ಮೆ ಓದಿದ್ದ. ಕೇಳಿಸಿಕೊಂಡದ್ದು ಈಗ. ಒಂದು ಕಡೆ ಅವನು ಪುಟವನ್ನು ಹೆಂಡತಿಯ ಕಡೆ ಸರಿಸಿದ, ಉಳಿದ ಸಾಲನ್ನು ಅವಳೇ ಓದಿದಳು.

ತಿಂಗಳ ದಿನ ಫ್ಲೋರಲ್ ಪಾರ್ಕಿನ ಮನೆಯಲ್ಲಿ ಜನ ಕಡಿಮೆಯೇ ಇದ್ದರು. ಬೆಳಿಗ್ಗೆ ಚರ್ಚಿನಲ್ಲಿ ಪೂಜೆಯಾಗಿತ್ತು. ಮಧ್ಯಾಹ್ನದ ಮೇಲೆ ಮನೆಯಲ್ಲಿ ಕನ್ನಡದ ಪ್ರಾರ್ಥನೆ. ಚಿನ್ನಪ್ಪನವರ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ, ತಿದ್ದಿ ಮುದ್ರಿಸಿ ಸ್ಪೈರಲ್ ಹಾಕಿಸಿದ ಪುಸ್ತಕ ಹಿಡಿದು ಅವನು ನಿಧಾನವಾಗಿ ಓದಿದ. ಲೂರ್ದಮ್ಮ ತಲೆ ತಗ್ಗಿಸಿ ಕೇಳಿದರು. ಮುಗಿದ ಮೇಲೆ ಪುಸ್ತಕವನ್ನು ಅವರ ಕೈಗೆ ಕೊಟ್ಟ. ಅವರು ಕಣ್ಣಿಗೊತ್ತಿಕೊಂಡು ಫೋಟೋದ ಪಕ್ಕ ಇಟ್ಟರು.

ಊಟದ ತಟ್ಟೆ ಇಡಲು ಅಡುಗೆಮನೆಗೆ ಹೋದಾಗ ಅಲ್ಲಿ ಶೈಲಮ್ಮ ಪಾತ್ರೆ ತೊಳೆಯುತ್ತಿದ್ದರು. ಎರಡು ಮನೆ ಆಚೆಯವರು, ಬಾಗಲಕೋಟೆ ಕಡೆಯ ಲಿಂಗಾಯತರು. ಲೂರ್ದಮ್ಮನಿಗೆ ಈ ಬೀದಿಯಲ್ಲಿ ಕನ್ನಡದ ಮಾತಿಗೆ ಇದ್ದವರು ಅವರೊಬ್ಬರೇ.

"ಅಣ್ಣಾರ, ಆಕಿ ನಿಮ್ಮನ್ನ ಅಂದದ್ದು ಮನಸಿಗೆ ಹಚ್ಕೋಬ್ಯಾಡ್ರಿ" ಎಂದರು ಶೈಲಮ್ಮ. "ಈಗ ಆಕಿನೂ ದಿನಾ ಸಂಜಿಗೆ ಫೋನ್ ಮುಂದ ಇಟ್ಕೊಂಡ ಜಪಕ್ಕ ಕೂಡ್ತಾಳ. ಯಾರೋ ರೆಕಾರ್ಡ್ ಮಾಡಿದ್ದು. ನಡುವ ಅಡ್ವರ್ಟೈಸ್‌ಮೆಂಟ್ ಬರ್ತದ್ರಿ, ಕಾರಂದೋ ಸಾಬೂನಂದೋ. ಅದು ಮುಗಿಯೋತನಕ ಕಣ್ಣ ಮುಚ್ಚಿ ಸುಮ್ಮನ ಕುಂತಿರ್ತಾಳ. ನನಗ ನೋಡಾಕ ಆಗಂಗಿಲ್ಲ."

ಇನ್ನಾಸಪ್ಪ ಕೈ ಒರೆಸಿಕೊಂಡು ನಿಂತ. ಹಿಂದಿನ ಕೋಣೆಯಿಂದ ಆಗಲೇ ಸಣ್ಣಗೆ ಒಂದು ಗುಂಪಿನ ದನಿ ಕೇಳುತ್ತಿತ್ತು. ಬಂದವರು ಕಾಫಿ ಕುಡಿಯುತ್ತಿದ್ದಾಗ ಲೂರ್ದಮ್ಮ ಎದ್ದು ಒಳಗೆ ಹೋಗಿದ್ದರು. ಅವನು ಬಾಗಿಲಲ್ಲಿ ಹೋಗಿ ನಿಂತಾಗ ಅವರು ಮಂಚದ ತುದಿಯಲ್ಲಿ ಜಪಸರ ಹಿಡಿದು ಕೂತಿದ್ದರು. ಫೋನನ್ನು ದಿಂಬಿಗೆ ಒರಗಿಸಿ ನಿಲ್ಲಿಸಿದ್ದರು. ಧ್ವನಿಮುದ್ರಣದವರು ವೇಗವಾಗಿ ಹೇಳುತ್ತಿದ್ದರು. ಲೂರ್ದಮ್ಮ 'ಸಂತ ಮರಿಯಾ' ಎಂದು ತಮ್ಮ ಪಾಲು ಅರ್ಧ ಹೇಳುವಷ್ಟರಲ್ಲಿ ಆ ಗುಂಪಿನವರು ಮುಂದಿನ 'ನಮೋ ಮರಿಯಾ'ಕ್ಕೆ ಹೋಗಿಬಿಡುತ್ತಿದ್ದರು. ಲೂರ್ದಮ್ಮ ಹೇಳುತ್ತಿದ್ದುದನ್ನು ನುಂಗಿಕೊಂಡು ಹಿಂದೆ ಓಡುತ್ತಿದ್ದರು.

ಅವನನ್ನು ಕಂಡು ಅವರು ಫೋನು ನಿಲ್ಲಿಸಿದರು. ಮುಖ ಸ್ವಲ್ಪ ಕೆಂಪಾಯಿತು.

"ನೋಡಿದ್ರಾ" ಎಂದರು. "ನಿಮಗೆ ಅಂದೋಳು ನಾನು."

"ಇರಲಿ ಅಕ್ಕ."

"ಮದುವೆಯಾದಾಗಿನಿಂದ ಪ್ರತಿ ಮಣಿಗೂ ಮೊದಲನೇ ಅರ್ಧ ಅವರು ಹೇಳೋರು, ಎರಡನೇದು ನಾನು. ಜಗಳ ಆಡಿದ ದಿನಾನೂ ಅಷ್ಟೇ. ಈಗ ಪುಸ್ತಕ ಹಿಡಿದು ಕೂತ್ರೆ ಎರಡೂ ನಾನೇ ಹೇಳ್ಬೇಕು. ಪುಸ್ತಕ ಎಲ್ಲಿ ಉತ್ತರ ಕೊಡುತ್ತೆ? ಅವರ ಪಾಲು ಹೇಳಕ್ಕೆ ಹೋದ್ರೆ ಬಾಯೇ ಬರಲ್ಲ ನಂಗೆ. ಅದಕ್ಕೇ ಇದನ್ನ ಹಾಕ್ಕೊಂಡೆ. ಒಂದು ದನಿನಾದ್ರೂ ಇರ್ಲಿ ಅಂತ." ಅವರು ಫೋನಿನ ಕಡೆ ನೋಡಿದರು. "ಆದ್ರೆ ಇದು ಕಾಯಲ್ಲ. ಅವರು ಕಾಯ್ತಿದ್ರು."

ಇನ್ನಾಸಪ್ಪ ಬಾಗಿಲಿನಿಂದ ಒಳಗೆ ಬಂದ.

"ಅವತ್ತು ನೀವು ಅಂದಿದ್ದು ಸರಿ ಇತ್ತು ಅಕ್ಕ" ಎಂದ. "ಪ್ರಾರ್ಥನೆ ಫೋನಲ್ಲಿ ಇತ್ತು ಅನ್ನೋದು ನಿಜ. ಆದ್ರೆ ನಡುವೆ ಆಫೀಸಿಂದ ಬಂದಿದ್ದನ್ನ ನಾನು ಓದ್ದೆ. ಪೂರ್ತಿ ಓದ್ದೆ. ಆಮೇಲೆ ಏನು ಪ್ರಾರ್ಥನೆ ಹೇಳ್ದೆ ಅಂತ ನಂಗೇ ಗೊತ್ತಿಲ್ಲ."

ಲೂರ್ದಮ್ಮ ತಲೆಯಾಡಿಸಿದರು. ಕ್ಷಮಿಸಿದೆ ಅನ್ನಲಿಲ್ಲ, ತಾವು ಅಂದದ್ದನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ. "ಹೇಳಿದ್ರಲ್ಲ, ಸಾಕು" ಎಂದರು.

"ಈಗ ಮೊದಲನೇ ಅರ್ಧ ನಾನು ಹೇಳ್ಲಾ?"

ಅವರು ಮಂಚದ ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿಕೊಟ್ಟರು. ಅವನು ಕೂತು, ಕಣ್ಣು ಮುಚ್ಚಿ, ಶುರು ಮಾಡಿದ. ಚಿನ್ನಪ್ಪನವರ ದನಿಗೂ ತನ್ನ ದನಿಗೂ ಹೋಲಿಕೆ ಇಲ್ಲವೆಂದು ಅವನಿಗೆ ಗೊತ್ತಿತ್ತು. ಮೊದಲ ಕೆಲವು ಮಣಿಗಳಲ್ಲಿ ಲೂರ್ದಮ್ಮನ ದನಿ ತಡವರಿಸಿತು. ಆಮೇಲೆ ಅವರು ತಮ್ಮ ನಡೆಗೆ ಬಂದರು. ಅದು ಬಹಳ ನಿಧಾನದ ನಡೆ, 'ಮರಣ ಸಮಯ' ಎನ್ನುವಲ್ಲಿ ಒಂದು ಉಸಿರಿನಷ್ಟು ನಿಂತು ಮುಂದೆ ಸಾಗುವ ನಡೆ. ಅವನು ಕಾದ. ಹತ್ತು ಹತ್ತು ಮಣಿಯ ಐದು ಸುತ್ತು ಮುಗಿಯುವವರೆಗೆ ಯಾರೂ ಒಳಗೆ ಬರಲಿಲ್ಲ.

ಹೊರಡುವಾಗ ಅವನೇ ಕೇಳಿದ. ಪಿಸ್ಕಾಟವೇಯಿಂದ ದಿನಾ ಬರಲಾಗುವುದಿಲ್ಲ, ಆದರೆ ಆಫೀಸು ಬಿಟ್ಟ ಮೇಲೆ ಫೋನು ಮಾಡಿ ಜಪದ ಮೊದಲರ್ಧ ಹೇಳಬಹುದು, ಬರೀ ದನಿಯಲ್ಲಿ. ಲೂರ್ದಮ್ಮ ಯೋಚಿಸಿ, "ಕಾರ್ ಓಡಿಸ್ತಾ ಬೇಡ" ಎಂದರು. "ನಿಲ್ಲಿಸ್ಕೊಂಡು ಹೇಳೋದಾದ್ರೆ ಹೇಳಿ."

ಹಾಗೆ ಶುರುವಾಯಿತು. ಆಫೀಸಿನ ಪಾರ್ಕಿಂಗ್ ಲಾಟಿನ ಕೊನೆಯಲ್ಲಿ, ಬೇಲಿಯ ಪಕ್ಕ ಕಾರು ನಿಲ್ಲಿಸಿ, ಫೋನನ್ನು ಸ್ಪೀಕರಿಗೆ ಹಾಕಿ ಪರದೆ ಕೆಳಗೆ ಮಾಡಿ ಪಕ್ಕದ ಸೀಟಿನ ಮೇಲೆ ಇಡುತ್ತಿದ್ದ. ಕೈಯಲ್ಲಿ ಜಪಸರ. ಪುಸ್ತಕವೂ ಬೇಕಿರಲಿಲ್ಲ, ಪರದೆಯೂ ಬೇಕಿರಲಿಲ್ಲ. ಇಬ್ಬರಿಗೂ ಎಲ್ಲ ಬಾಯಿಗೆ ಬರುತ್ತಿತ್ತು. ಜಪ ಮುಗಿದ ಮೇಲೆ ಒಂದೆರಡು ಮಾತು: ಇವತ್ತು ಹುರುಳಿ ಸಾರು ಮಾಡಿದ್ದೆ, ಮಂಡಿ ನೋವು ಪರವಾಗಿಲ್ಲ, ಶೈಲಮ್ಮ ರೊಟ್ಟಿ ತಂದಿದ್ದಳು.

ಅವನ ಆನ್-ಕಾಲ್ ವಾರ ಮತ್ತೆ ಬಂತು. ಒಂದು ಸಂಜೆ, ಜಪದ ಮೂರನೆಯ ಸುತ್ತಿನಲ್ಲಿ, ಸೀಟಿನ ಮೇಲಿದ್ದ ಫೋನು ಆ ಪರಿಚಿತ ರೀತಿಯಲ್ಲಿ ನಡುಗಿತು. ಅವನು ತಿರುಗಿಸಿ ನೋಡಲಿಲ್ಲ. ಜಪ ಮುಗಿಸಿ ನೋಡಿದಾಗ ಒಂದು ಪಟ್ಟಣದ ಲೈನುಗಳೆಲ್ಲ ಬಿದ್ದು ಸಾಕಷ್ಟು ಹೊತ್ತಾಗಿತ್ತು. ಮರುದಿನ ಸುಮೀತ್ ಕೋಣೆಗೆ ಕರೆದು ಬಾಗಿಲು ಹಾಕಿದ. ಇನ್ನಾಸಪ್ಪನಿಗಿಂತ ಬಹಳ ಚಿಕ್ಕವನು, ಇಲ್ಲೇ ಹುಟ್ಟಿ ಬೆಳೆದವನು, ಒರಟನಲ್ಲ.

"ಯು ವರ್ ಆನ್ ಕಾಲ್. ವೇರ್ ವರ್ ಯು?"

"ಪ್ರಾರ್ಥನೆಯಲ್ಲಿದ್ದೆ" ಎಂದು ಇಂಗ್ಲಿಷಿನಲ್ಲಿ ಹೇಳಿದಾಗ ಅದು ಅವನ ಕಿವಿಗೇ ದುರ್ಬಲವಾಗಿ ಕೇಳಿಸಿತು. ಆ ಪಟ್ಟಣದಲ್ಲಿ ಯಾರೋ ಮುದುಕರು ಬಿದ್ದು, ಆಂಬ್ಯುಲೆನ್ಸಿಗೆ ಕರೆ ಮಾಡಲು ಆಗದೆ ಇದ್ದಿರಬಹುದು. ಹಾಗೇನೂ ಆಗಲಿಲ್ಲ ಎಂದು ವರದಿ ಬಂದರೂ ಆ ಯೋಚನೆ ಹಲವು ದಿನ ಬಿಡಲಿಲ್ಲ. ಹೆಣದ ಮುಂದೆ ನಿಂತು ಆಫೀಸಿನದನ್ನು ನೋಡಿದ್ದು ತಪ್ಪಾದರೆ, ಕಾಯುತ್ತೇನೆಂದು ಒಪ್ಪಿಕೊಂಡು ಕಾಯದೆ ಇದ್ದದ್ದೂ ತಪ್ಪೇ. ಎರಡು ಕಡೆಗೂ ಮಾತು ಕೊಟ್ಟು ಎರಡನ್ನೂ ಅರ್ಧ ಮಾಡುತ್ತಿದ್ದೇನೆ ಅನ್ನಿಸಿತು. ಸಗಾಯಮೇರಿಯ ಜೊತೆ ಮಾತಾಡಿ, ಆನ್-ಕಾಲ್ ಕೆಲಸದಿಂದ ತನ್ನನ್ನು ಬಿಡಿಸಬೇಕೆಂದು ಬರೆದು ಕೊಟ್ಟ. ಬಿಡಿಸಿದರು. ಜೊತೆಗೆ ಅವನ ಕೈಕೆಳಗಿದ್ದ ತಂಡವೂ ಬೇರೆಯವರಿಗೆ ಹೋಯಿತು. ಈಗ ಹಳೆಯ ಸಲಕರಣೆಗಳ ನಕ್ಷೆ ತಿದ್ದುವ ಕೆಲಸ. ಮೀಟಿಂಗುಗಳಿಗೆ ಕರೆಯುವವರು ಕಡಿಮೆ. ಮೊದಲು ಬೇಸರವಾಯಿತು, ಆಮೇಲೆ ಅಭ್ಯಾಸವಾಯಿತು.

ಫೋನಿನ ಮೇಲೆ ಅವನಿಗೆ ಹಟವೇನೂ ಉಳಿಯಲಿಲ್ಲ. ಆಸ್ಪತ್ರೆಗೆ ರೋಗಿಗಳನ್ನು ನೋಡಲು ಹೋದಾಗ ಯಾರಾದರೂ ಸ್ಪ್ಯಾನಿಷ್‌ನಲ್ಲೋ ತಗಾಲೊಗ್‌ನಲ್ಲೋ ಪ್ರಾರ್ಥನೆ ಕೇಳಿದರೆ ಅದರಲ್ಲೇ ಹುಡುಕಿ ತೆಗೆದುಕೊಡುತ್ತಾನೆ. ಆದರೆ ಮೊದಲು ಆಫೀಸಿನ ಸದ್ದು ನಿಲ್ಲಿಸುತ್ತಾನೆ. ಮನೆಯವರಿಗೆ ಪರದೆಯನ್ನು ತೋರಿಸಿ, "ಇದರಲ್ಲಿ ಪ್ರಾರ್ಥನೆ ಇದೆ, ಅದನ್ನೇ ಓದ್ತೀನಿ" ಎಂದು ಹೇಳಿ ಆಮೇಲೆ ಶುರು ಮಾಡುತ್ತಾನೆ.

ಈ ವರ್ಷ ಚಳಿಗಾಲದ ಕೊನೆಯಲ್ಲಿ ಲೂರ್ದಮ್ಮ ಫ್ಲೋರಲ್ ಪಾರ್ಕಿನ ಮನೆ ಬಿಟ್ಟು ಬಾಸ್ಕಿಂಗ್ ರಿಡ್ಜ್‌ನಲ್ಲಿರುವ ಅವನಿಯ ಮನೆಗೆ ಬಂದರು. ಗುಡ್ಡ, ಮರಗಳ ನಡುವಿನ ಮನೆ. ಅಲ್ಲಿ ಸಿಗ್ನಲ್ಲು ಅಷ್ಟಕ್ಕಷ್ಟೇ. ಹೋದ ವಾರ ಒಂದು ಸಂಜೆ, ಎರಡನೆಯ ಸುತ್ತಿನಲ್ಲಿ, ಲೈನಿನಲ್ಲಿ ಒಂದು ಬಗೆಯ ಕಿರುಗುಟ್ಟುವ ಸದ್ದು ಬಂದು ನಿಂತಿತು. ಅವನು ತನ್ನ ಪಾಲು ಹೇಳಿ ಮುಗಿಸಿದ. ಆ ಕಡೆಯಿಂದ ಉತ್ತರ ತಡವಾಯಿತು.

"ಇನ್ನಾಸಪ್ಪನೋರೆ?" ಎಂದರು ಲೂರ್ದಮ್ಮ. "ಇದ್ದೀರಾ?"

"ಇದ್ದೀನಿ ಅಕ್ಕ."

"ಇನ್ನಾಸಪ್ಪನೋರೆ?"

ಅವರ ದನಿ ಇವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಇವನದು ಅವರಿಗೆ ತಲುಪುತ್ತಿರಲಿಲ್ಲ. ಒಂದೇ ದಿಕ್ಕಿಗೆ ಧ್ವನಿ ಹರಿಯುವ ದೋಷ. ಅವನ ವೃತ್ತಿಯಲ್ಲಿ ದಿನನಿತ್ಯದ್ದು. ಕರೆ ಕತ್ತರಿಸಿ ಮತ್ತೆ ಮಾಡಿದರೆ ಸರಿಹೋಗುತ್ತದೆ. ಅವನು ಫೋನಿಗೆ ಕೈ ಚಾಚಿದ. ಅಷ್ಟರಲ್ಲಿ ಲೂರ್ದಮ್ಮ ಅವನಿಗೋ ತಮಗೋ ಎಂಬಂತೆ, "ಕೇಳಿಸ್ತಿಲ್ಲ, ಇರಲಿ. ನೀವು ಹೇಳ್ತಿರಿ" ಎಂದರು. ಆಮೇಲೆ ಸುಮ್ಮನಾದರು. ಅವನ ಪಾಲಿನ ಅರ್ಧಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು, ತಮ್ಮ ಪಾಲು ಹೇಳಿದರು. ಮತ್ತೆ ಸುಮ್ಮನಾದರು.

ಇನ್ನಾಸಪ್ಪ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಅವರು ಬಿಟ್ಟ ಬಿಡುವಿನಲ್ಲಿ, ಅವರಿಗೆ ಕೇಳಿಸದ ದನಿಯಲ್ಲಿ, 'ನಮೋ ಮರಿಯಾ' ಎಂದು ಶುರು ಮಾಡಿದ.